ಶನಿವಾರದ ಕರೆಗೂ ಮೊದಲು: ಮೈಕ್ ಪರೀಕ್ಷೆ ಮಾಡುವುದು ಹೇಗೆ?



ಈ ಸರಣಿಯಲ್ಲಿ ಇಲ್ಲಿಯವರೆಗೆ ವ್ರತದ ನಿಯಮ, ಇರುಮುಡಿಗೆ ಬೇಕಾದ ಸಾಮಾನು, ರೈಲು ಪ್ರಯಾಣ, ಬೆಟ್ಟ ಹತ್ತುವಾಗ ಕಾಲಿನ ಕಾಳಜಿ ಎಲ್ಲ ಬಂದಿವೆ. ನನ್ನ ಪಾಲಿಗೆ ಬಂದಿರುವ ವಿಷಯ ಮೈಕ್. "ಇದರಲ್ಲಿ ಕಲಿಯೋದೇನಿದೆ" ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ನಾಗಪುರದಲ್ಲಿ ಐಟಿ ಸಪೋರ್ಟ್ ಕೆಲಸ, ಲಕ್ಷ್ಮೀ ನಗರದ ಆಠ್ ರಸ್ತಾ ಚೌಕದ ಹತ್ತಿರ ಬಾಡಿಗೆ ರೂಮು. ದಿನಕ್ಕೆ ಐದಾರು ಜನರಾದರೂ ಫೋನ್ ಮಾಡಿ "ಆವಾಜ್ ಯೇತ್ ನಾಹೀ" ಅಂತಾರೆ, ದನಿ ಬರ್ತಿಲ್ಲ ಅಂತ. ಅದನ್ನು ಸರಿ ಮಾಡಿಕೊಡುವುದೇ ನನ್ನ ಅನ್ನ. ಹಾಗಿದ್ದೂ ಹಿಂದಿನ ವರ್ಷ ನಾನೇ ತಪ್ಪು ಮಾಡಿದೆ. ಮೊದಲು ಅದನ್ನು ಹೇಳಿ ಪಾಠಕ್ಕೆ ಬರ್ತೇನೆ.

ನಮ್ಮ ಗುರುಸ್ವಾಮಿಗಳು ಹುಬ್ಬಳ್ಳಿಯವರು. ಊರಲ್ಲಿರುವವರು ಅವರ ಮನೆಗೇ ಹೋಗಿ ಕೂರ್ತಾರೆ. ಪುಣೆ, ಹೈದರಾಬಾದ್, ನಾಗಪುರ ಅಂತ ಚದುರಿಹೋಗಿರುವ ನಮ್ಮಂಥವರಿಗೆ ಶನಿವಾರ ಸಂಜೆ ಆನ್‌ಲೈನ್ ಕರೆ. ಹಿಂದಿನ ಕಾರ್ತಿಕದಲ್ಲಿ ಒಂದು ಶನಿವಾರ ಅವರು ತಮ್ಮ ಕನ್ನಿ ಯಾತ್ರೆಯ ಕಥೆ ಹೇಳಿದರು. ಎರುಮೇಲಿಯಿಂದ ಕಾಡುದಾರಿಯಲ್ಲಿ ಹೊರಟದ್ದು, ಅಳುದಾ ನದಿಯಲ್ಲಿ ಮುಳುಗಿ ಕಲ್ಲು ತೆಗೆದುಕೊಂಡದ್ದು, ಕರಿಮಲೆ ಏರುವಾಗ ಸೋತು ಕೂತವನನ್ನು ಅಪರಿಚಿತ ಸ್ವಾಮಿಯೊಬ್ಬರು ಕೈಹಿಡಿದು ಎಬ್ಬಿಸಿದ್ದು. ನಡುನಡುವೆ ತಾವು ಕಲಿತ ರೀತಿಯಲ್ಲೇ ಶರಣು ಹೇಳಿಕೊಟ್ಟರು. ಒಟ್ಟು 52 ನಿಮಿಷ. ರೆಕಾರ್ಡ್ ಮಾಡುವ ಜವಾಬ್ದಾರಿ ನನ್ನದು.

ನಾನು ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನ ರೆಕಾರ್ಡರ್ ಒತ್ತಿದೆ. ಪರದೆ ಮೇಲೆ ಗೆರೆ ಕುಣಿಯುತ್ತಿತ್ತು, ನಿಶ್ಚಿಂತೆಯಿಂದ ಕೇಳುತ್ತಾ ಕೂತೆ. ರಾತ್ರಿ ತೆಗೆದು ಕೇಳಿದರೆ ಗುರುಸ್ವಾಮಿಗಳ ಒಂದು ಮಾತೂ ಇಲ್ಲ. ಇದ್ದದ್ದು ನನ್ನ ಫ್ಯಾನಿನ ಸದ್ದು, ಪಕ್ಕದ ಮನೆಯ ಕುಕ್ಕರಿನ ನಾಲ್ಕು ಸೀಟಿ, ಆಗಾಗ ನಾನು ಅಂದ "ಹ್ಞೂಂ ಸ್ವಾಮಿ", "ಹೌದು ಸ್ವಾಮಿ". 52 ನಿಮಿಷವೂ ಅಷ್ಟೇ.

ಕಾರಣ ತೀರಾ ಸರಳ. ರೆಕಾರ್ಡರ್ ಹಿಡಿಯುವುದು ಮೈಕಿಗೆ ಬಿದ್ದ ಸದ್ದನ್ನು ಮಾತ್ರ. ಗುರುಸ್ವಾಮಿಗಳ ದನಿ ಹೆಡ್‌ಫೋನಿನಿಂದ ನನ್ನ ಕಿವಿಗೆ ಹೋಗುತ್ತಿತ್ತು, ಮೈಕಿಗೆ ಬೀಳುತ್ತಲೇ ಇರಲಿಲ್ಲ. ಗೆರೆ ಕುಣಿದದ್ದು ನನ್ನ ರೂಮಿನ ಸದ್ದಿಗೆ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಒಮ್ಮೆ ಕೇಳಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

"ಮುಂದಿನ ವರ್ಷ ಮತ್ತೆ ಹೇಳಿಸೋಣ ಬಿಡು" ಅಂದರು ಎಲ್ಲರೂ. ಆಷಾಢದಲ್ಲಿ ಗುರುಸ್ವಾಮಿಗಳಿಗೆ ಲಕ್ವಾ ಹೊಡೆಯಿತು. ಅಯ್ಯಪ್ಪನ ದಯೆಯಿಂದ ಚೇತರಿಸಿಕೊಂಡಿದ್ದಾರೆ, ಮಾತೂ ಬರುತ್ತೆ. ಆದರೆ ನಿಧಾನ, ದನಿ ತೆಳ್ಳಗಾಗಿದೆ. ಬೀದಿಯ ಆ ತುದಿಗೆ ಕೇಳುತ್ತಿದ್ದ ಆ ಶರಣು ಈಗ ಯಾರ ಫೋನಿನಲ್ಲೂ ಇಲ್ಲ.

ಇರುಮುಡಿಗೆ ತುಪ್ಪ ತುಂಬುವ ಮೊದಲು ತೆಂಗಿನಕಾಯಿಯಲ್ಲಿ ಬಿರುಕಿದೆಯೇ ಅಂತ ತಿರುಗಿಸಿ ತಿರುಗಿಸಿ ನೋಡ್ತೇವೆ. ತುಂಬಿದ ಮೇಲೆ ಸೋರಿದರೆ ಏನೂ ಮಾಡೋಕಾಗಲ್ಲ ಅಂತ ಗೊತ್ತು. ದನಿಯ ವಿಷಯದಲ್ಲೂ ಅದೇ ಮಾತು. ಇನ್ನು ಪಾಠ.

1. ಯಾವ ಮೈಕ್ ಕೆಲಸ ಮಾಡ್ತಿದೆ?

ಒಂದು ಲ್ಯಾಪ್‌ಟಾಪಿಗೆ ಒಂದೇ ಸಲ ಮೂರು ಮೈಕ್ ಇರಬಹುದು: ಒಳಗಿನದು, ಹೆಡ್‌ಸೆಟ್ಟಿನದು, ವೆಬ್‌ಕ್ಯಾಮಿನದು. ಬ್ಲೂಟೂತ್ ಇಯರ್‌ಬಡ್ ಬ್ಯಾಗಿನಲ್ಲೇ ಆನ್ ಆಗಿದ್ದರೆ ನಾಲ್ಕನೆಯದೂ ಸೇರುತ್ತೆ. ನೀವು ಒಂದರ ಮುಂದೆ ಮಾತಾಡ್ತಿದ್ದರೆ ಕಂಪ್ಯೂಟರ್ ಇನ್ನೊಂದನ್ನು ಕೇಳಿಸಿಕೊಳ್ಳುತ್ತಿರುತ್ತೆ. ನನ್ನ ಕೆಲಸದಲ್ಲಿ ಬರುವ ಮೈಕ್ ದೂರುಗಳಲ್ಲಿ ಹೆಚ್ಚಿನವು ಇಷ್ಟೇ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಅಂತ ಹೋಗಿ ಇನ್‌ಪುಟ್ ಭಾಗ ನೋಡಿ. ಬೇಕಾದ ಮೈಕ್ ಆರಿಸಿ ಅದರ ಮೇಲೆ ಒತ್ತಿದರೆ ಟೆಸ್ಟ್ ಶುರು ಮಾಡುವ ಗುಂಡಿ ಸಿಗುತ್ತೆ. ಒತ್ತಿ, ಮಾತಾಡಿ, ನಿಲ್ಲಿಸಿ. ನಿಮ್ಮ ದನಿ ಶೇಕಡಾ ಎಷ್ಟು ಏರಿತು ಅಂತ ಅದೇ ಹೇಳುತ್ತೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಸೌಂಡ್, ಇನ್‌ಪುಟ್‌ನಲ್ಲಿ ಮಟ್ಟ ತೋರಿಸುವ ಪಟ್ಟಿ ಇದೆ. ಕಂಪ್ಯೂಟರಿನಲ್ಲಿ ಸರಿ ಮಾಡಿದರೆ ಮುಗಿಯಲಿಲ್ಲ. ಜೂಮ್, ಮೀಟ್, ಟೀಮ್ಸ್ ಇವುಗಳ ಒಳಗೂ ಬೇರೆಯಾಗಿ ಮೈಕ್ ಆರಿಸುವ ಜಾಗ ಇರುತ್ತೆ. ಎರಡೂ ಕಡೆ ಒಂದೇ ಮೈಕ್ ಇರಲಿ.

ಯಾವುದು ಅಂತ ಸಂಶಯ ಬಂದರೆ ಉಗುರಿನಿಂದ ಒಂದೊಂದು ಮೈಕಿನ ಪಕ್ಕ ಮೆಲ್ಲಗೆ ಕೆರೆಯಿರಿ. ಯಾವುದನ್ನು ಕೆರೆದಾಗ ಗೆರೆ ಎದ್ದು ಕುಣಿಯುತ್ತೋ ಅದೇ ನಿಮ್ಮ ಮೈಕ್. ಊದಬೇಡಿ, ಜೋರಾಗಿ ತಟ್ಟಬೇಡಿ. ಫೋನಿನ ಮೈಕ್ ಒಂದು ತೊಗರಿಕಾಳಿನಷ್ಟಿರುತ್ತೆ, ಅದರೊಳಗಿನ ಪೊರೆ ಕೂದಲೆಳೆಗಿಂತ ತೆಳು.

2. ಅನುಮತಿ ಕೊಟ್ಟಿದ್ದೀರಾ?

ಮೈಕ್ ಸರಿಯಿದ್ದರೂ ಆ್ಯಪ್‌ಗೆ ಅದನ್ನು ಬಳಸುವ ಅನುಮತಿ ಇಲ್ಲದಿದ್ದರೆ ಮೌನವೇ. ಫೋನಿನಲ್ಲಿ ಆ್ಯಪ್‌ನ ಪರ್ಮಿಷನ್ ನೋಡಿ. ವಿಂಡೋಸ್‌ನಲ್ಲಿ ಪ್ರೈವಸಿ ಭಾಗದಲ್ಲಿ ಮೈಕ್ರೋಫೋನ್ ಅಂತ ಇದೆ. ಬ್ರೌಸರಿನಲ್ಲಾದರೆ ವಿಳಾಸದ ಎಡಗಡೆಯ ಚಿಹ್ನೆ ಒತ್ತಿ ನೋಡಿ. ಮೈಕ್ ಬಳಕೆಯಲ್ಲಿದ್ದಾಗ ಆಂಡ್ರಾಯ್ಡ್ 12 ಮತ್ತು ನಂತರದ ಫೋನುಗಳಲ್ಲಿ ಮೇಲೆ ಹಸಿರು ಗುರುತು, ಐಫೋನಿನಲ್ಲಿ ಕಿತ್ತಳೆ ಅಥವಾ ಹಸಿರು ಚುಕ್ಕೆ ಬರುತ್ತೆ. ಅದು ಕಾಣಿಸದಿದ್ದರೆ ಆ್ಯಪ್ ನಿಮ್ಮನ್ನು ಕೇಳಿಸಿಕೊಳ್ಳುತ್ತಿಲ್ಲ ಅಂತಲೇ ಅರ್ಥ. ಹೆಡ್‌ಸೆಟ್ಟಿನ ವೈರಿನಲ್ಲಿ ಚಿಕ್ಕ ಮ್ಯೂಟ್ ಸ್ವಿಚ್ ಇರುತ್ತೆ, ಕೆಲವು ಲ್ಯಾಪ್‌ಟಾಪ್‌ಗಳ ಕೀಲಿಮಣೆಯಲ್ಲೂ ಇರುತ್ತೆ. ಅದನ್ನೂ ನೋಡಿ.

3. ಹತ್ತು ಸೆಕೆಂಡಿನ ಪರೀಕ್ಷೆ: ಮಾತು, ಶರಣು, ಮೌನ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. "ಹಲೋ ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಸಾಲದು. ಅದನ್ನು ನಾವು ಯಾವಾಗಲೂ ಬೇರೆಯೇ ದನಿಯಲ್ಲಿ ಹೇಳ್ತೇವೆ, ಆಮೇಲೆ ಮಾತಾಡುವ ದನಿಯೇ ಬೇರೆ. ಅದರ ಬದಲು ರೆಕಾರ್ಡ್ ಒತ್ತಿ ಹೀಗೆ ಮಾಡಿ:

ನಾಲ್ಕು ಸೆಕೆಂಡ್, ನೀವು ಕರೆಯಲ್ಲಿ ಮಾತಾಡುವ ದನಿಯಲ್ಲೇ ಒಂದು ವಾಕ್ಯ.
ಮೂರು ಸೆಕೆಂಡ್, ನಿಮ್ಮ ಅತಿ ಗಟ್ಟಿ ದನಿಯಲ್ಲಿ ಒಂದು ಶರಣು.
ಮೂರು ಸೆಕೆಂಡ್, ಏನೂ ಮಾತಾಡದೆ ಸುಮ್ಮನೆ.

ಈಗ ನಿಲ್ಲಿಸಿ, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ. ಮಾತಿನ ಭಾಗದಲ್ಲಿ ದನಿ ದೂರದ ಬಾವಿಯಿಂದ ಬಂದಂತಿದ್ದರೆ ಮೈಕ್ ಹತ್ತಿರ ತನ್ನಿ. ಶರಣು ಹರಿದ ಬಟ್ಟೆಯಂತೆ ಒಡೆದು ಬಂದರೆ ಮಟ್ಟ ಹೆಚ್ಚಾಗಿದೆ, ಇಳಿಸಿ. ಮೌನದಲ್ಲಿ ನೀವು ಕೇಳುವುದು ನಿಮ್ಮ ಕೋಣೆಯನ್ನು: ಫ್ಯಾನು, ಫ್ರಿಜ್ಜು, ರಸ್ತೆ. ಆ ಸದ್ದು ಮಾತಿನ ಕೆಳಗೂ ಉದ್ದಕ್ಕೂ ಇರುತ್ತೆ.

ಗೆರೆ ಕುಣಿಯುವುದನ್ನು ನೋಡಿ ನಂಬಬೇಡಿ. ಗೆರೆ ಯಾವ ಸದ್ದಿಗೂ ಕುಣಿಯುತ್ತೆ, ನನ್ನ ಫ್ಯಾನಿಗೆ ಕುಣಿದ ಹಾಗೆ. ಕಿವಿಯಿಂದಲೇ ಪರೀಕ್ಷೆ.

4. ದೂರ ಮತ್ತು ಮಟ್ಟ

ಬಾಯಿಂದ ಮೈಕಿಗೆ ಒಂದು ಗೇಣು, ಹೆಚ್ಚುಕಡಿಮೆ 20 ಸೆಂಟಿಮೀಟರ್, ಒಳ್ಳೆಯ ದೂರ. ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಕೋಣೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತೆ. ಅದಕ್ಕೇ ದೂರ ಕೂತು ವಾಲ್ಯೂಮ್ ಏರಿಸಿದರೆ ಫ್ಯಾನಿನ ಸದ್ದೂ ಏರುತ್ತೆ. ಮೊದಲು ಹತ್ತಿರ ಬನ್ನಿ, ಆಮೇಲೆ ಮಟ್ಟ ಮುಟ್ಟಿ.

ಮೈಕ್ ಬಾಯಿಯ ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕಿರಲಿ. 'ಪಂಪಾ', 'ಭಕ್ತ', 'ಫಲ' ಅನ್ನುವಾಗ ಬಾಯಿಂದ ಗಾಳಿ ನುಗ್ಗುತ್ತೆ, ಅದು ಮೈಕಿಗೆ ನೇರ ಬಡಿದರೆ 'ಧಪ್' ಅಂತ ಕೇಳುತ್ತೆ.

ಮಟ್ಟ ತೋರಿಸುವ ರೆಕಾರ್ಡರ್ ಇದ್ದರೆ ಗಟ್ಟಿ ಶರಣು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೆ ನಿಲ್ಲಲಿ. ಡಿಜಿಟಲ್‌ನಲ್ಲಿ 0 ಅಂದರೆ ಛಾವಣಿ. ಅದಕ್ಕೆ ಬಡಿದ ದನಿಯ ತಲೆ ಕತ್ತರಿಸಿ ಹೋಗುತ್ತೆ. ತೀರಾ ಮೆಲ್ಲಗಾದ ರೆಕಾರ್ಡಿಂಗನ್ನು ಆಮೇಲೆ ಸ್ವಲ್ಪ ಏರಿಸಬಹುದು, ಒಡೆದದ್ದನ್ನು ಮೊದಲಿನಂತೆ ಮಾಡೋಕಾಗಲ್ಲ.

5. ಕೋಣೆ

ಗೋಡೆ, ಟೈಲ್ಸ್, ಗಾಜು ಇವೆಲ್ಲ ದನಿಯನ್ನು ವಾಪಸ್ ಎಸೆಯುತ್ತವೆ. ಖಾಲಿ ರೂಮಿನಲ್ಲಿ ಮಾತು ಗುಡಿಯೊಳಗಿನ ಹಾಗೆ ಮೊಳಗುತ್ತೆ, ಕೇಳುವವರಿಗೆ ಅಕ್ಷರ ತಿಳಿಯಲ್ಲ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕಪಾಟು ಇರುವ ಕಡೆ ಕೂತುಕೊಳ್ಳಿ. ನಾನು ಎದುರಿನ ಗೋಡೆಗೆ ಚಾದರ ನೇತುಹಾಕ್ತೇನೆ. ನಾಗಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಕೂರೋಕಾಗಲ್ಲ, ಆದರೆ ಕೂಲರ್ ಎದುರು ರೆಕಾರ್ಡಿಂಗ್ ಆಗಲ್ಲ. ಪುಣ್ಯಕ್ಕೆ ನಮ್ಮ ಮಂಡಲ ಕಾಲ ಬರುವುದು ಚಳಿಗಾಲದಲ್ಲಿ, ಹತ್ತು ನಿಮಿಷ ಫ್ಯಾನ್ ಆರಿಸಿದರೆ ಯಾರಿಗೂ ಕಷ್ಟವಿಲ್ಲ.

6. ಬ್ಲೂಟೂತ್ ಮತ್ತು ವೈರು

ಹಾಡು ಕೇಳುವಾಗ ಚೆನ್ನಾಗಿರುವ ಇಯರ್‌ಬಡ್ ಕರೆಯಲ್ಲಿ ಯಾಕೆ ಕಳಪೆಯಾಗುತ್ತೆ ಅಂತ ಬಹಳ ಜನ ಕೇಳ್ತಾರೆ. ಹಾಡು ಕೇಳುವಾಗ ದನಿ ಒಂದೇ ದಿಕ್ಕಿಗೆ ಹರಿಯುತ್ತೆ. ಮೈಕ್ ಆನ್ ಆದ ಕೂಡಲೇ ಎರಡೂ ದಿಕ್ಕಿಗೆ ಹರಿಯಬೇಕು, ಆಗ ಬ್ಲೂಟೂತ್ ಕರೆಯ ರೀತಿಗೆ ಬದಲಾಗಿ ಗುಣಮಟ್ಟ ಇಳಿಸುತ್ತೆ. ಹೊಸ ಕೆಲವು ಮಾದರಿಗಳಲ್ಲಿ ಇದು ಸುಧಾರಿಸಿದೆ. ಆದರೂ ಭಜನೆ ರೆಕಾರ್ಡ್ ಮಾಡುವುದಾದರೆ, ಕೆಲಸದ ಸಂದರ್ಶನ ಇದ್ದರೆ, ವೈರಿನ ಸಾದಾ ಇಯರ್‌ಫೋನೇ ಮೇಲು. ಅದರ ಚಾರ್ಜೂ ಮುಗಿಯಲ್ಲ. ವೈರಿನ ಮೈಕ್ ಕೊರಳ ಮಾಲೆಗೆ, ಅಂಗಿಯ ಗುಂಡಿಗೆ ಉಜ್ಜದ ಹಾಗೆ ನೋಡಿಕೊಳ್ಳಿ. ಮಣಿ ತಾಗಿದ ಸದ್ದು ಕೇಳುವವರ ಕಿವಿಗೆ ಕಲ್ಲು ಬಿದ್ದ ಹಾಗಿರುತ್ತೆ.

7. ಭಜನೆಯಲ್ಲಿ ತಾಳ ಯಾಕೆ ಮಾಯವಾಗುತ್ತೆ?

ಕರೆಯ ಆ್ಯಪ್‌ಗಳಲ್ಲಿ ಗದ್ದಲ ತೆಗೆಯುವ ಏರ್ಪಾಡು ಇರುತ್ತೆ. ಮನುಷ್ಯರ ಮಾತು ಉಳಿಸಿ ಬಾಕಿಯದನ್ನು ಅಳಿಸುವುದು ಅದರ ಕೆಲಸ. ಅದಕ್ಕೆ ತಾಳ, ಗಂಟೆ, ಹಾರ್ಮೋನಿಯಂ ಶ್ರುತಿ ಎಲ್ಲವೂ ಗದ್ದಲವೇ. ಪ್ರವಚನಕ್ಕೆ, ಸಂದರ್ಶನಕ್ಕೆ ಅದು ಆನ್ ಇರಲಿ. ಭಜನೆಗೆ ಆಫ್ ಮಾಡಿ. ಜೂಮ್‌ನಲ್ಲಿ ಸಂಗೀತಗಾರರಿಗೆಂದೇ 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆ ಇದೆ, ಮೀಟ್‌ನಲ್ಲಿ ಆಡಿಯೊ ಸೆಟ್ಟಿಂಗ್ಸ್ ಒಳಗೆ ನಾಯ್ಸ್ ಕ್ಯಾನ್ಸಲೇಷನ್ ಆರಿಸಬಹುದು.

ಇನ್ನೊಂದು ಮಾತು. ಎಲ್ಲರೂ ಮೈಕ್ ಆನ್ ಮಾಡಿ ಒಟ್ಟಿಗೆ ಶರಣು ಕೂಗುವುದು ಆನ್‌ಲೈನ್‌ನಲ್ಲಿ ಆಗದ ಕೆಲಸ. ದನಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗೋಕೆ ಸಮಯ ಹಿಡಿಯುತ್ತೆ. ಮಾತುಕತೆಗೆ 150 ಮಿಲಿಸೆಕೆಂಡಿನೊಳಗಿನ ವಿಳಂಬ ತೊಂದರೆ ಕೊಡಲ್ಲ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ ಇದೆ. ಆದರೆ ತಾಳಕ್ಕೆ ಅಷ್ಟು ವಿಳಂಬವೂ ಹೆಚ್ಚೇ. ಅದಕ್ಕೆ ಕೂಗುವವರು ಒಬ್ಬರ ಮೈಕ್ ಮಾತ್ರ ಆನ್ ಇರಲಿ, ಉಳಿದವರು ಮ್ಯೂಟ್ ಮಾಡಿಕೊಂಡು ತಮ್ಮ ಮನೆಯಲ್ಲಿ ಗಟ್ಟಿಯಾಗಿ ಉತ್ತರ ಕೊಡಿ. ಒಂದೇ ಕೋಣೆಯಲ್ಲಿ ಇಬ್ಬರು ಎರಡು ಫೋನಿನಿಂದ ಸೇರಿದ್ದರೆ ಒಂದರ ಮೈಕೂ ಸ್ಪೀಕರೂ ಎರಡೂ ಬಂದ್ ಇರಬೇಕು, ಇಲ್ಲದಿದ್ದರೆ 'ಕುಯ್ಯ್' ಅಂತ ಕೂಗುತ್ತೆ.

8. "ಕೇಳ್ತಿದೆಯಾ?" ಅಂತ ಕೇಳಬೇಡಿ

ಕೇಳಿದರೆ ಎಲ್ಲರೂ ಸೌಜನ್ಯಕ್ಕೆ "ಕೇಳ್ತಿದೆ ಸ್ವಾಮಿ" ಅಂತಾರೆ, ಅರ್ಧಂಬರ್ಧ ಕೇಳಿದರೂ. ನಾನು ಈಗ ಮೂರು ಹೆಸರು ಹೇಳಿ "ಏನು ಹೇಳಿದೆ, ವಾಪಸ್ ಹೇಳಿ ಸ್ವಾಮಿ" ಅಂತೇನೆ. ಎರುಮೇಲಿ, ನಿಲಕ್ಕಲ್, ಪಂಪಾ. ಮೂರೂ ಸರಿಯಾಗಿ ವಾಪಸ್ ಬಂದರೆ ಮೈಕ್ ಪಾಸು. ಈ ಪರೀಕ್ಷೆ ಕರೆ ಶುರುವಾಗುವ ಕಾಲು ಗಂಟೆ ಮೊದಲೇ ಆಗಬೇಕು, ಎಲ್ಲರೂ ಸೇರಿದ ಮೇಲೆ ಅಲ್ಲ. ಕೆಲಸದ ಸಂದರ್ಶನ ಇರುವ ಸ್ವಾಮಿಗಳು ಗೆಳೆಯನೊಬ್ಬನನ್ನು ಕರೆದು ಹೀಗೇ ಮಾಡಿ. ಅಲ್ಲಿ ಮೊದಲ ಐದು ನಿಮಿಷ "ಹಲೋ, ಹಲೋ" ಅಂದು ಕಳೆದರೆ ಗೊತ್ತಿದ್ದ ಉತ್ತರವೂ ಮರೆತುಹೋಗುತ್ತೆ.

9. ದೂರದ ದನಿ ಬೇಕಾದರೆ ದೂರದಲ್ಲೇ ರೆಕಾರ್ಡ್ ಮಾಡಿಸಿ

ಇದು ನನ್ನ ತಪ್ಪಿನಿಂದ ಬಂದ ಪಾಠ. ಎರಡು ದಾರಿ ಇವೆ. ಒಂದು, ಕರೆ ನಡೆಸುವವರೇ ಆ್ಯಪ್‌ನ ರೆಕಾರ್ಡಿಂಗ್ ಬಳಸುವುದು. ಎರಡನೆಯದು ಇನ್ನೂ ಉತ್ತಮ: ಮಾತಾಡುವವರ ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ಅಲ್ಲೇ ರೆಕಾರ್ಡ್ ಮಾಡಿ ಆಮೇಲೆ ಕಳಿಸುವುದು. ಆಗ ನೆಟ್ ಕೈಕೊಟ್ಟರೂ ದನಿ ಕೆಡಲ್ಲ. ರೆಕಾರ್ಡ್ ಮಾಡುವ ಮೊದಲು ಅವರ ಒಪ್ಪಿಗೆ ಕೇಳಿ, ಹಿರಿಯರಾದರೂ, ಮನೆಯವರಾದರೂ.

ಹಿರಿಯರ ಫೋನ್ ಆದರೆ: ಮೈಕ್ ಸಾಮಾನ್ಯವಾಗಿ ಕೆಳಗೆ ಚಾರ್ಜಿಂಗ್ ಜಾಗದ ಪಕ್ಕ ಇರುತ್ತೆ, ಕವರ್ ಅದನ್ನು ಮುಚ್ಚಿದೆಯೇ ನೋಡಿ. ಧೂಳಿದ್ದರೆ ಒಣ ಮೆದು ಬ್ರಷ್‌ನಿಂದ ಒರೆಸಿ, ಪಿನ್ನು ಹಾಕಬೇಡಿ. ಫೋನ್ ಕೈಯಲ್ಲಿ ಹಿಡಿಯದೆ ಮಡಿಸಿದ ಟವೆಲ್ ಮೇಲಿಡಿ. ರೆಕಾರ್ಡ್ ಮಾಡುವ ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಲ್ಲಬಹುದು. ಜಾಗ ಇದೆಯೇ ನೋಡಿ. ಸಿಡಿ ಗುಣಮಟ್ಟದ ಒಂಟಿ ಮೈಕಿನ ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 5 ಎಂಬಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ದನಿ ಕುಗ್ಗಲ್ಲ. ಕಳಿಸಿದ ಮೇಲೆ ಒಂದಕ್ಕಿಂತ ಹೆಚ್ಚು ಕಡೆ ಇಟ್ಟುಕೊಳ್ಳಿ.

ಸನ್ನಿಧಾನದಲ್ಲಿ ರಾತ್ರಿ ನಡೆ ಮುಚ್ಚುವಾಗ ಯೇಸುದಾಸ್ ಅವರ ದನಿಯಲ್ಲಿ ಹರಿವರಾಸನಂ ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಅವರು ಅಲ್ಲಿ ಇಲ್ಲದಿದ್ದರೂ ದನಿ ಪ್ರತಿ ರಾತ್ರಿ ಇರುತ್ತೆ. ಯಾವತ್ತೋ ಒಂದು ದಿನ ಯಾರೋ ಸ್ಟುಡಿಯೊದಲ್ಲಿ ಮೈಕ್ ಸರಿಯಾಗಿ ಇಟ್ಟಿದ್ದರು, ಹಾಗಾಗಿ ಅದು ಉಳಿದಿದೆ. ನಮ್ಮ ಮನೆಗಳಲ್ಲೂ ಅಂಥ ದನಿಗಳಿವೆ. ಅಜ್ಜಿ ಹೇಳುವ ಹಾಡು, ಅಪ್ಪ ಮೊದಲ ಸಲ ಮಲೆ ಹತ್ತಿದ ಕಥೆ. ಮುಂದಿನ ವರ್ಷ ಅಂತ ಮುಂದಕ್ಕೆ ಹಾಕಬೇಡಿ.

ಹಿಂದಿನ ಶನಿವಾರ ಗುರುಸ್ವಾಮಿಗಳು ಈ ಸಲದ ಕನ್ನಿಸ್ವಾಮಿಗಳಿಗೆ ನಾಲ್ಕು ಮಾತು ಹೇಳಲು ಒಪ್ಪಿದರು. ಅವರ ಮೊಮ್ಮಗ ಹತ್ತನೇ ತರಗತಿ ಹುಡುಗ, ಕಾಲು ಗಂಟೆ ಮೊದಲೇ ನನ್ನ ಜೊತೆ ಫೋನಿನಲ್ಲಿ ಕೂತ. ಮೊದಲ ಪರೀಕ್ಷೆಯಲ್ಲಿ ದನಿ ತೀರಾ ದೂರ. ಎರಡನೆಯದರಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್. ಗಡಿಯಾರ ಇಳಿಸಿ ಒಳಮನೆಗೆ ಇಟ್ಟು ಬಂದ, ಫೋನನ್ನು ಟವೆಲ್ ಮೇಲೆ ಒಂದು ಗೇಣಿಗೆ ಸರಿಸಿದ. ಮೂರನೆಯದನ್ನು ಅವನು ಕಳಿಸಿದಾಗ ಹೆಡ್‌ಫೋನ್ ಹಾಕಿ ಕೇಳಿದೆ. ತೆಳ್ಳಗಿನ ದನಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿತ್ತು. ಕೊನೆಗೆ, ಅವರು ಮೊಮ್ಮಗನನ್ನು ಕೇಳಿದ ಮಾತೂ ಅದರಲ್ಲಿ ಬಂದಿತ್ತು: "ಈಗರೆ ಕೇಳಸ್ತದೇನು ಆ ನಾಗಪುರದ ಸ್ವಾಮಿಗೆ?"

ಕೇಳಿಸಿತು ಸ್ವಾಮಿ.

ಆ ದಿನ ಅವರು ಮಾತಾಡಿದ್ದು 11 ನಿಮಿಷ. ಕರಿಮಲೆಯ ಕಥೆಗೆ ಈ ಸಲ ಶಕ್ತಿ ಸಾಲಲಿಲ್ಲ. ಶರಣು ಮೂರು ಸಲ ಹೇಳಿಕೊಟ್ಟರು. ಆ 11 ನಿಮಿಷ ಈಗ ಮೊಮ್ಮಗನ ಫೋನಿನಲ್ಲಿದೆ, ನನ್ನ ಲ್ಯಾಪ್‌ಟಾಪಿನಲ್ಲಿದೆ, ಒಂದು ಪೆನ್‌ಡ್ರೈವಿನಲ್ಲೂ ಇದೆ.

ಈ ಶನಿವಾರದ ಕರೆಗೆ ಬರುವ ಸ್ವಾಮಿಗಳು ದಯವಿಟ್ಟು ಕಾಲು ಗಂಟೆ ಮೊದಲು ಬನ್ನಿ. ಮಾತು, ಶರಣು, ಮೌನ: ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿಕೊಂಡು ಬನ್ನಿ. ಸರಿಯಾಗದಿದ್ದರೆ ನಾನಿರ್ತೇನೆ, ಒಟ್ಟಿಗೆ ನೋಡೋಣ.

ಸ್ವಾಮಿಯೇ ಶರಣಮಯ್ಯಪ್ಪ.